ಮಾರಿಕಣಿವೆಗೆ ಹೊರಟವರಿಗೆ: ಕುಡಿಯುವ ನೀರಿನ ಕಟ್ಟೆಯನ್ನು ನೋಡಿ ಬರುವ ಬಗೆ

ಮಳೆಗಾಲದ ಕೊನೆ ಬಂತೆಂದರೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿದ್ದಿದೆಯೇ? ಅಣೆಕಟ್ಟೆಯ ಮೇಲೆ ಹೋಗಲು ಬಿಡುತ್ತಾರೆಯೇ? ಮಕ್ಕಳನ್ನು, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದೇ? ನೀರಿಗೆ ಇಳಿಯಬಹುದೇ? ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೊನೆಯ ಪ್ರಶ್ನೆಗೆ ಮಾತ್ರ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಇಳಿಯಬೇಡಿ. ಹಿರಿಯೂರು, ಚಳ್ಳಕೆರೆಯ ನಲ್ಲಿಗಳಲ್ಲಿ ಬರುವುದು ಈ ನೀರು. ಚಿತ್ರದುರ್ಗ ನಗರಕ್ಕೂ ಶಾಂತಿಸಾಗರದ (ಸೂಳೆಕೆರೆಯ) ಜೊತೆಗೆ ಇಲ್ಲಿಂದ ನೀರು ಹೋಗುತ್ತದೆ.

ಹೊರಡುವ ಮೊದಲು ಇದೆಂಥ ಜಲಾಶಯ ಎಂಬುದು ಸ್ವಲ್ಪ ತಿಳಿದಿರಲಿ. ತಿಳಿದು ಹೋದವರು ಅಲ್ಲಿ ನಡೆದುಕೊಳ್ಳುವ ರೀತಿಯೇ ಬೇರೆ.

ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹಳ್ಳಗಳು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗುತ್ತವೆ. ಆ ನದಿ ಹೊಸದುರ್ಗ ಸೀಮೆಯನ್ನು ದಾಟಿ ಬಂದು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ನುಸುಳಿ ಹಿರಿಯೂರಿನ ಬಯಲಿಗೆ ಇಳಿಯುತ್ತಿತ್ತು. ಆ ಕಣಿವೆಯೇ ಮಾರಿಕಣಿವೆ. ಮೈಸೂರು ಸಂಸ್ಥಾನದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಲು ಕೈಹಾಕಿ 1907ರಲ್ಲಿ ಕೆಲಸ ಮುಗಿಸಿದರು. ಆಗಿನ್ನೂ ಕೃಷ್ಣರಾಜಸಾಗರದ ಕೆಲಸ ಆರಂಭವೂ ಆಗಿರಲಿಲ್ಲ. ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಚಿಕ್ಕವರಿದ್ದಾಗ ರಾಜ್ಯಭಾರ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದ ಹೆಸರೇ ಕಟ್ಟೆಗೆ ಬಂತು. ಸುತ್ತಲಿನ ಊರುಗಳಲ್ಲಿ ಈಗಲೂ ಇದನ್ನು ‘ಮಾರಿಕಣಿವೆ’ ಎನ್ನುತ್ತಾರೆ, ಬಸ್ಸಿನಲ್ಲಿ ‘ವಿ.ವಿ. ಸಾಗರ’ ಎಂದರೂ ನಡೆಯುತ್ತದೆ.

ಇದು ಬರದ ನಾಡು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಅಂಥ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ, ಮುಂದೆ ಮೂಳೆ ಬಿಗಿದು ಕೈಕಾಲು ಮಡಚುವುದೂ ಕಷ್ಟವಾಗುತ್ತದೆ. ಕುದಿಸಿದರೆ ಹೋಗುವ ವಿಷವಲ್ಲ ಅದು. ಹೀಗಿರುವಾಗ ಗುಡ್ಡಗಳ ನಡುವೆ ನಿಂತ ಈ ಮಳೆಯ ನೀರು ಇಲ್ಲಿಯವರಿಗೆ ಮನೆಯ ಒಳಗಿನ ಬಿಂದಿಗೆ ಇದ್ದಂತೆ. ನೀವು ನೋಡಲು ಹೋಗುತ್ತಿರುವುದು ಆ ಬಿಂದಿಗೆಯನ್ನು.

1. ಮೊದಲು ನೀರಿನ ಮಟ್ಟ ನೋಡಿ, ಆಮೇಲೆ ದಿನ ಗೊತ್ತುಮಾಡಿ

ಬಹಳ ಜನ ಎಡವುವುದು ಇಲ್ಲೇ. ಹಳೆಯ ವಿಡಿಯೊ ನೋಡಿ ‘ಕೋಡಿ ಬಿದ್ದಿದೆ’ ಎಂದುಕೊಂಡು ಬೆಂಗಳೂರಿನಿಂದ ಬಂದು, ಒಣಗಿದ ಕಲ್ಲುಗಳನ್ನು ನೋಡಿ ಮರಳುತ್ತಾರೆ.

ಕೋಡಿ ಎಂದರೆ ಕೆರೆಯಾಗಲಿ ಜಲಾಶಯವಾಗಲಿ ತುಂಬಿದ ಮೇಲೆ ಹೆಚ್ಚಾದ ನೀರು ತಾನಾಗಿ ಹೊರಗೆ ಹರಿಯಲು ಬಿಟ್ಟ ತಗ್ಗು ಜಾಗ. ಮಾರಿಕಣಿವೆಯ ಕಟ್ಟೆಗೆ ಕೃಷ್ಣರಾಜಸಾಗರದಂತೆ ಎತ್ತಿ ಇಳಿಸುವ ಸಾಲು ಗೇಟುಗಳಿಲ್ಲ. ಅಳತೆಪಟ್ಟಿಯಲ್ಲಿ ನೀರು 130 ಅಡಿ ಮುಟ್ಟಿ ಮೇಲೇರಿದರೆ ಮಾತ್ರ ಕೋಡಿಯಲ್ಲಿ ಹರಿಯುತ್ತದೆ. ಯಾರೂ ಗುಂಡಿ ಒತ್ತಿ ನೀರು ಬಿಡುವುದಿಲ್ಲ. ಆದ್ದರಿಂದ ‘ನೀರು ಯಾವಾಗ ಬಿಡುತ್ತಾರೆ’ ಎಂಬ ಪ್ರಶ್ನೆ ಇಲ್ಲಿಗೆ ಹೊಂದುವುದಿಲ್ಲ. 1933ರಲ್ಲಿ ಬಿದ್ದ ಕೋಡಿ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. ಅಂದು ಕೋಡಿಯ ಬಳಿ ಸೇರಿದ್ದವರಲ್ಲಿ ಬಹುತೇಕರು ಈ ದೃಶ್ಯವನ್ನು ಹಿರಿಯರ ಬಾಯಲ್ಲಿ ಕೇಳಿದ್ದವರೇ ಹೊರತು ಕಂಡವರಲ್ಲ. 2025ರ ಜನವರಿಯಲ್ಲಿ ಜಲಾಶಯ ಮತ್ತೆ ಭರ್ತಿಯಾಯಿತು. ಇದಕ್ಕೆ ಮಳೆಯ ಜೊತೆಗೆ ಇನ್ನೊಂದು ಕಾರಣವೂ ಇದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರಾ ಜಲಾಶಯದ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಹತ್ತಿರದ ಸುರಂಗದ ಮೂಲಕ ತಂದು ವೇದಾವತಿಗೆ ಸೇರಿಸುತ್ತಿದ್ದಾರೆ.

ಮಟ್ಟ ತಿಳಿಯುವುದು ಸುಲಭ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುವ ಜಲಾಶಯಗಳ ಪಟ್ಟಿಯಲ್ಲಿ ವಾಣಿವಿಲಾಸ ಸಾಗರವೂ ಇರುತ್ತದೆ. ಜಿಲ್ಲೆಯ ಪತ್ರಿಕೆಗಳಲ್ಲಿಯೂ ಬರುತ್ತದೆ. ಪಟ್ಟಿ ಓದುವಾಗ ಮೂರು ಮಾತು ನೆನಪಿರಲಿ.

ಮೊದಲನೆಯದು, ಸರ್ಕಾರಿ ಪಟ್ಟಿಯಲ್ಲಿ ಮಟ್ಟವನ್ನು ಸಮುದ್ರಮಟ್ಟದಿಂದ ಮೀಟರ್ ಲೆಕ್ಕದಲ್ಲಿ ಕೊಟ್ಟಿದ್ದರೆ ಗರಿಷ್ಠ ಮಟ್ಟ 652 ಮೀಟರ್ ಚಿಲ್ಲರೆ ಎಂದಿರುತ್ತದೆ. ಊರಿನವರು ಹೇಳುವ 130 ಅಡಿಯೂ ಅದೇ. ಎರಡನ್ನೂ ಬೆರೆಸಿ ಗಾಬರಿಯಾಗಬೇಡಿ.

ಎರಡನೆಯದು, ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ನಮ್ಮ ಲೀಟರ್ ಲೆಕ್ಕದಲ್ಲಿ ಸುಮಾರು 2,830 ಕೋಟಿ ಲೀಟರ್. ಒಂದು ಲಕ್ಷ ಜನರ ಊರಿಗೆ ತಲೆಗೆ ದಿನಕ್ಕೆ 135 ಲೀಟರಿನಂತೆ ಕೊಟ್ಟರೆ ಒಂದೇ ಟಿ.ಎಂ.ಸಿ. ನೀರು ಐದೂವರೆ ವರ್ಷ ದಾಟಿಸುತ್ತದೆ. ಮಾರಿಕಣಿವೆ ತುಂಬಿದಾಗ ಹಿಡಿಯುವುದು 30 ಟಿ.ಎಂ.ಸಿ.ಗೂ ಸ್ವಲ್ಪ ಹೆಚ್ಚು. ಕೃಷ್ಣರಾಜಸಾಗರದ ಅರ್ಧಕ್ಕಿಂತ ಜಾಸ್ತಿ. ಆದರೆ ಅದರಲ್ಲಿ ಬಹುಪಾಲು ತೋಟ, ಹೊಲಗಳಿಗೆ ಮೀಸಲು, ಮತ್ತಷ್ಟು ಬಿಸಿಲಿಗೆ ಆವಿಯಾಗುತ್ತದೆ. ತಳದ ಸುಮಾರು ಎರಡು ಟಿ.ಎಂ.ಸಿ.ಯನ್ನು ‘ಡೆಡ್ ಸ್ಟೋರೇಜ್’ ಎನ್ನುತ್ತಾರೆ, ಅಂದರೆ ತೂಬಿನ ಮಟ್ಟಕ್ಕಿಂತ ಕೆಳಗೆ ಉಳಿಯುವ ನೀರು.

ಮೂರನೆಯದು, ಅಡಿಗೂ ನೀರಿನ ಪ್ರಮಾಣಕ್ಕೂ ನೇರ ಲೆಕ್ಕವಿಲ್ಲ. ಜಲಾಶಯ ಬೋಗುಣಿಯ ಹಾಗೆ ಮೇಲೆ ಹೋದಂತೆ ಅಗಲವಾಗುತ್ತದೆ. ಮೇಲಿನ ಹತ್ತು ಅಡಿ ಹಿಡಿಯುವ ನೀರು ತಳದ ಹತ್ತು ಅಡಿಗಿಂತ ಎಷ್ಟೋ ಪಟ್ಟು. ಹೀಗಾಗಿ 120 ಅಡಿ ಎಂದರೆ ಕಣ್ಣಿಗೆ ತುಂಬಿದಂತೆ ಕಂಡರೂ ಕೋಡಿ ಬೀಳಲು ಇನ್ನೂ ಬಹಳ ನೀರು ಬರಬೇಕು.

ನನ್ನ ಸಲಹೆ ಕೇಳಿದರೆ, ಕೋಡಿಗಾಗಿ ಕಾಯಬೇಡಿ. ಅಕ್ಟೋಬರ್‌ನಿಂದ ಜನವರಿಯವರೆಗೆ ಗುಡ್ಡಗಳಲ್ಲಿ ಇನ್ನೂ ಹಸಿರು ಉಳಿದಿರುತ್ತದೆ, ಗಾಳಿ ತಂಪಾಗಿರುತ್ತದೆ. ಅದೇ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆ ಕಲ್ಲಿನ ಮೇಲೆ ಹೆಜ್ಜೆ ಇಡುವುದೂ ಕಷ್ಟ.

2. ದಾರಿ

ಬೆಂಗಳೂರಿನಿಂದ ತುಮಕೂರು, ಶಿರಾ ಮಾರ್ಗವಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿಗೆ ಸುಮಾರು 160 ಕಿಲೋಮೀಟರ್. ಚಿತ್ರದುರ್ಗದಿಂದ ಬರುವವರಿಗೆ ಅದೇ ಹೆದ್ದಾರಿಯಲ್ಲಿ 40 ಕಿಲೋಮೀಟರ್. ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ತಿರುಗಿ ಸುಮಾರು 20 ಕಿಲೋಮೀಟರ್ ಹೋದರೆ ಕಟ್ಟೆಯ ಬುಡದ ಊರು ವಾಣಿವಿಲಾಸಪುರ ಸಿಗುತ್ತದೆ. ರೈಲಿನಲ್ಲಿ ಬರುವವರು ಚಿತ್ರದುರ್ಗದಲ್ಲಿ ಇಳಿದು ಬಸ್ ಹಿಡಿಯಿರಿ. ಹಿರಿಯೂರು ಬಸ್ ನಿಲ್ದಾಣದಲ್ಲಿ ವಿಚಾರಿಸುವಾಗ ಹೋಗುವ ಬಸ್ಸಿನ ಜೊತೆಗೆ ಹಿಂದಿರುಗುವ ಕೊನೆಯ ಬಸ್ಸಿನ ಹೊತ್ತನ್ನೂ ಕೇಳಿಕೊಂಡುಬಿಡಿ.

ಮೊಬೈಲ್ ನಕ್ಷೆಯಲ್ಲಿ ಬರೀ ಜಲಾಶಯದ ಹೆಸರು ಹಾಕಿ ಹೊರಟರೆ ನೀರಿನ ನಡುವೆಯೋ ಹಿನ್ನೀರಿನ ಯಾವುದೋ ದಡದಲ್ಲಿಯೋ ಗುರುತು ಬಿದ್ದಿರಬಹುದು. ಹಿನ್ನೀರು ಎಂದರೆ ಕಟ್ಟೆಯಿಂದ ಹಿಂದಕ್ಕೆ ಹರಡಿಕೊಂಡ ನೀರು. ಇಲ್ಲಿ ಅದು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿದೆ. ಜಲಾಶಯ ಭರ್ತಿಯಾದಾಗ ಅತ್ತ ಕಡೆಯ ತೋಟಗಳಿಗೂ ಕೆಲವು ರಸ್ತೆಗಳಿಗೂ ನೀರು ನುಗ್ಗುತ್ತದೆ. ಆದ್ದರಿಂದ ‘ವಾಣಿವಿಲಾಸಪುರ’ ಎಂದು ಹುಡುಕಿ. ಕೋಡಿ ಹರಿಯುವ ದಿನಗಳಲ್ಲಿ ಹಿರಿಯೂರು–ಹೊಸದುರ್ಗ ರಸ್ತೆಯಲ್ಲಿಯೂ ಸಂಚಾರಕ್ಕೆ ಅಡಚಣೆಯಾಗಬಹುದು. ಹಿರಿಯೂರಿನಲ್ಲಿಯೇ ಒಂದು ಮಾತು ಕೇಳಿ ಮುಂದೆ ಹೋಗಿ.

3. ಚೀಲದಲ್ಲಿ ಏನಿರಲಿ

ಕುಡಿಯುವ ನೀರು ಮನೆಯಿಂದಲೇ ತುಂಬಿಕೊಳ್ಳಿ. ಜಲಾಶಯದ ನೀರು ಎಷ್ಟೇ ತಿಳಿಯಾಗಿ ಕಂಡರೂ ಶುದ್ಧೀಕರಿಸದ ನೀರು, ನೇರವಾಗಿ ಕುಡಿಯುವಂಥದ್ದಲ್ಲ. ಟೋಪಿ, ಜಾರದ ಚಪ್ಪಲಿ ಅಥವಾ ಬೂಟು, ಕಸ ಹಿಂದಕ್ಕೆ ತರಲು ಒಂದು ಖಾಲಿ ಚೀಲ. ಸೋಪು, ಶಾಂಪೂ, ಬದಲಿ ಬಟ್ಟೆ ಮನೆಯಲ್ಲಿಯೇ ಇರಲಿ. ಬದಲಿ ಬಟ್ಟೆ ಜೊತೆಗಿದ್ದರೆ ನೀರಿಗೆ ಇಳಿಯುವ ಮನಸ್ಸಾಗುತ್ತದೆ.

4. ಕಾವಲಿನವರನ್ನು ಕೇಳಿ

ಕಟ್ಟೆಯ ಮೇಲೆ ಬಿಡುವುದು, ಬಿಡದಿರುವುದು ನೀರಿನ ಮಟ್ಟ, ಜನಸಂದಣಿ, ದುರಸ್ತಿ, ಬಂದೋಬಸ್ತು ಇವನ್ನು ನೋಡಿಕೊಂಡು ಬದಲಾಗುತ್ತಿರುತ್ತದೆ. ಕಳೆದ ವಾರ ಗೆಳೆಯರನ್ನು ಬಿಟ್ಟಿದ್ದರೆಂದು ಈ ವಾರ ನಿಮ್ಮನ್ನು ಬಿಡಲೇಬೇಕೆಂದಿಲ್ಲ. ಅಂದಿನ ನಿಯಮವನ್ನು ಅಲ್ಲಿಯೇ ಕೇಳಿ, ಹೇಳಿದಷ್ಟು ದೂರ ಹೋಗಿ. ಡ್ರೋನ್ ಹಾರಿಸಬೇಕೆನ್ನುವವರು ಮೊದಲೇ ಅನುಮತಿ ಪಡೆಯಬೇಕು. ಅಣೆಕಟ್ಟೆಗಳು ರಕ್ಷಿತ ಸ್ಥಳಗಳು, ಅಲ್ಲಿ ನಿಂತು ವಾದ ಹೂಡಿ ಪ್ರಯೋಜನವಿಲ್ಲ.

ಮೇಲೆ ಬಿಡದಿದ್ದರೂ ಬಂದದ್ದು ವ್ಯರ್ಥವಲ್ಲ. ನಿಜ ಹೇಳಬೇಕೆಂದರೆ ಈ ಕಟ್ಟೆಯ ಗಾಂಭೀರ್ಯ ಕಾಣುವುದು ಕೆಳಗಿನಿಂದ.

5. ಕಟ್ಟೆಯನ್ನು ನೋಡುವ ಕ್ರಮ

ಬೆಳಿಗ್ಗೆ ಹೋದವರು ಮೊದಲು ಬುಡದ ಕಡೆ ನಿಲ್ಲಿ. ನೀರು ಕಟ್ಟೆಯ ಪಶ್ಚಿಮಕ್ಕಿದೆ, ನೀವು ಪೂರ್ವದಲ್ಲಿರುತ್ತೀರಿ. ಹಾಗಾಗಿ ಎಳೆಬಿಸಿಲು ನೇರ ಕಲ್ಲಿನ ಮೈಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ಒಂದೊಂದು ಕಲ್ಲಿನ ಅಂಚೂ ಎದ್ದು ಕಾಣುತ್ತದೆ. ಹತ್ತಿರ ಹೋಗಿ ಎರಡು ಕಲ್ಲುಗಳ ನಡುವಿನ ಸಂದನ್ನು ನೋಡಿ. ಕಲ್ಲಿನ ಬಣ್ಣ ಒಂದು, ನಡುವಿನ ಗಾರೆಯ ಬಣ್ಣ ಇನ್ನೊಂದು; ಕೆಲವೆಡೆ ಸಂದಿನಲ್ಲಿ ತೇವ ಉಳಿದು ಹಸಿರು ಪಾಚಿಯ ಗೆರೆ ಎಳೆದಂತಿರುತ್ತದೆ. ಉಗುರಿನಿಂದ ಕೆರೆಯಬೇಡಿ, ಹೆಸರು ಕೊರೆಯಬೇಡಿ. ನೂರು ವರ್ಷ ದಾಟಿದ ಕಲ್ಲುಕಟ್ಟಡದಲ್ಲಿ ಸಂದಿನ ಗಾರೆಗೂ ಕಲ್ಲಿನಷ್ಟೇ ಬೆಲೆ ಇದೆ.

ಈ ಕಟ್ಟೆ ನಿಂತಿರುವುದು ತನ್ನ ತೂಕದ ಬಲದಿಂದ. ಇಂಥದ್ದನ್ನು ಎಂಜಿನಿಯರುಗಳು ‘ಗ್ರ್ಯಾವಿಟಿ ಅಣೆಕಟ್ಟೆ’ ಎನ್ನುತ್ತಾರೆ. ಹಿಂದಿನಿಂದ ನೀರು ಎಷ್ಟು ಒತ್ತಿದರೂ ಕಲ್ಲಿನ ಭಾರ ಅದನ್ನು ತಡೆಯುತ್ತದೆ. ನೀರು ಆಳವಾದಷ್ಟೂ ಒತ್ತಡ ಹೆಚ್ಚು, ಅದಕ್ಕೇ ಬುಡ ಅಗಲ, ತಲೆ ಕಿರಿದು. ಮಕ್ಕಳಿಗೆ ಇದನ್ನು ಅಲ್ಲಿಯೇ ತೋರಿಸಿ ಹೇಳಿ, ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಕಟ್ಟೆಯ ಉದ್ದ ಸುಮಾರು 400 ಮೀಟರ್ ಅಷ್ಟೇ. ಇಷ್ಟು ಗಿಡ್ಡ ಗೋಡೆ ಇಷ್ಟೊಂದು ನೀರು ಹಿಡಿದದ್ದು ಜಾಗದ ಆಯ್ಕೆಯಿಂದ. ಎರಡೂ ಕಡೆ ಗುಡ್ಡಗಳೇ ಗೋಡೆಯಾಗಿವೆ, ಮನುಷ್ಯರು ನಡುವಿನ ಬಾಗಿಲನ್ನಷ್ಟೇ ಮುಚ್ಚಿದ್ದಾರೆ.

ಮೇಲೆ ಹೋಗಲು ಅವಕಾಶ ಸಿಕ್ಕರೆ ಮಂಟಪಗಳನ್ನು ನೋಡಿ. ಬರೀ ನೀರು ತಡೆಯುವ ಗೋಡೆಗೆ ಮಂಟಪ ಬೇಕಿರಲಿಲ್ಲ. ಆದರೂ ಅಂದಿನವರು ಕಟ್ಟಿದರು, ಅಂದವಾಗಿಯೇ ಕಟ್ಟಿದರು. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಗುಡ್ಡಗಳ ಸೆರಗಿನಲ್ಲಿ ನೀರು ಒಳಒಳಗೆ ಹೊಕ್ಕು ಹರಡಿರುವುದು ಕಾಣುತ್ತದೆ. ಜಲಾಶಯ ಮೇಲಿನಿಂದ ನೋಡಿದರೆ ಭಾರತದ ನಕ್ಷೆಯಂತೆ ಕಾಣುತ್ತದೆ ಎಂದು ನೀವು ಕೇಳಿರಬಹುದು. ಆ ಆಕಾರ ಕಟ್ಟೆಯ ಮೇಲಿಂದ ಕಾಣುವುದಿಲ್ಲ, ಎತ್ತರದಿಂದ ತೆಗೆದ ಚಿತ್ರಗಳಲ್ಲಿ ಮಾತ್ರ. ಅದನ್ನು ಹುಡುಕಿಕೊಂಡು ದಾರಿಯಿಲ್ಲದ ಗುಡ್ಡ ಹತ್ತಲು ಹೋಗಬೇಡಿ.

ನೀರಿನ ಕಡೆಗೆ ಬಗ್ಗಿ ನೋಡುವಾಗ ಅಳತೆಪಟ್ಟಿ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳಿ. ಗುಡ್ಡದ ಅಂಚಿನಲ್ಲಿ ನೀರು ಇಳಿದ ಕಡೆ ಬಿಳಿಚಿದ ಪಟ್ಟೆಯೊಂದು ಕಾಣುತ್ತದೆ: ಅದರ ಕೆಳಗೆ ಗಿಡವಿಲ್ಲ, ಮೇಲೆ ಗಿಡವಿದೆ. ಅಷ್ಟು ಎತ್ತರಕ್ಕೆ ನೀರು ನಿಂತಿತ್ತು ಎಂಬುದಕ್ಕೆ ಅದೇ ಗುರುತು.

ದೊಡ್ಡ ಕಲ್ಲುಕಟ್ಟಡಗಳಲ್ಲಿ ಹೆಜ್ಜೇನು ಗೂಡು ಕಟ್ಟುವುದುಂಟು. ಹೊಗೆ, ಪಟಾಕಿ, ಜೋರು ಧ್ವನಿ ಯಾವುದೂ ಬೇಡ.

6. ಕೋಡಿಯ ಬಳಿ ಎಚ್ಚರ

ಕೋಡಿ ಕಟ್ಟೆಯ ಮೇಲಿಲ್ಲ, ಅದರ ಪಕ್ಕಕ್ಕಿದೆ. ನೀರು ಅಲ್ಲಿಂದ ಬಂಡೆಗಳ ಮೇಲೆ ಇಳಿದು ಹೋಗಿ ಕೆಳಗೆ ವೇದಾವತಿಯನ್ನು ಸೇರುತ್ತದೆ. ಹರಿವು ತೆಳ್ಳಗಿದ್ದಾಗ, ಪಾದ ಮುಳುಗುವಷ್ಟೇ ನೀರೆಂದು, ಜನ ಮಕ್ಕಳ ಕೈ ಹಿಡಿದು ಇಳಿಯುತ್ತಾರೆ. ನನಗೆ ಅತಿ ಹೆಚ್ಚು ಭಯವಾಗುವುದು ಆ ತೆಳ್ಳಗಿನ ನೀರಿನದೇ. ಅದರ ಕೆಳಗಿನ ಬಂಡೆಯ ಮೇಲೆ ಪಾಚಿ ಕಟ್ಟಿ, ಎಣ್ಣೆ ಸವರಿದ ಹಾಗಿರುತ್ತದೆ. ಒಬ್ಬರು ಜಾರಿದರೆ ಕೈ ಹಿಡಿದವರೂ ಜಾರುತ್ತಾರೆ. ಫೋಟೊಕ್ಕಾಗಿ ಬೆನ್ನು ನೀರಿಗೆ ಕೊಟ್ಟು ಹಿಂದೆ ಹಿಂದೆ ಸರಿಯುವವರನ್ನು ಕಂಡರೆ, ಪರಿಚಯವಿಲ್ಲದಿದ್ದರೂ ಕೂಗಿ ಎಚ್ಚರಿಸಿ.

ಮಳೆ ನಿಮ್ಮ ತಲೆಯ ಮೇಲೆ ಬೀಳದಿದ್ದರೂ ಹರಿವು ಏರಬಹುದು. ಈ ಜಲಾಶಯಕ್ಕೆ ನೀರು ತರುವ ಜಲಾನಯನ ಪ್ರದೇಶ, ಅಂದರೆ ಬಿದ್ದ ಮಳೆ ಹರಿದು ಇಲ್ಲಿಗೇ ಬಂದು ಸೇರುವ ನೆಲ, 5,000 ಚದರ ಕಿಲೋಮೀಟರಿಗೂ ಹೆಚ್ಚು. ಚಿಕ್ಕಮಗಳೂರಿನ ಕಡೆ ಸುರಿದದ್ದು ಒಂದೆರಡು ದಿನದ ಮೇಲೆ ಇಲ್ಲಿ ಕಾಣಿಸುತ್ತದೆ.

7. ದಡದಲ್ಲಿ ಮಾಡಬಾರದ್ದು

ಈಜಬೇಡಿ. ಇಲ್ಲಿ ದಡ ಕೆರೆಯ ಮೆಟ್ಟಿಲಿನಂತೆ ಹಂತಹಂತವಾಗಿ ಇಳಿಯುವುದಿಲ್ಲ, ಗುಡ್ಡದ ಇಳಿಜಾರು ಹಾಗೆಯೇ ನೀರಿನೊಳಗೆ ಮುಂದುವರಿದಿರುತ್ತದೆ. ಎರಡು ಹೆಜ್ಜೆ ಮೊಣಕಾಲು, ಮೂರನೆಯ ಹೆಜ್ಜೆಗೆ ನೆಲ ಸಿಗದಿರಬಹುದು. ಮುಳುಗಿದ ಗಿಡಗಂಟಿ, ಮೀನಿನ ಬಲೆ ಕಾಲಿಗೆ ಸುತ್ತಿಕೊಳ್ಳುತ್ತವೆ. ಕೆಸರಿನಲ್ಲಿ ಕಾಲು ಹೂತರೆ ಈಜು ಬಲ್ಲವರೂ ಸೋಲುತ್ತಾರೆ.

ತಟ್ಟೆ, ಪಾತ್ರೆ, ಬಟ್ಟೆ, ವಾಹನ ಯಾವುದನ್ನೂ ಇಲ್ಲಿ ತೊಳೆಯಬೇಡಿ. ಒಮ್ಮೆ ದಡದಲ್ಲಿ ಒಂದು ಕುಟುಂಬ ಪುಳಿಯೋಗರೆ ಡಬ್ಬಿಗಳನ್ನು ಸೋಪು ಹಾಕಿ ತೊಳೆಯುತ್ತಿತ್ತು. ಎಣ್ಣೆಯ ತೆಳು ಪೊರೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡಿ, ಅದರ ಹಿಂದೆಯೇ ನೊರೆ ತೇಲಿತು. ‘ಇಷ್ಟು ದೊಡ್ಡ ನೀರಿಗೆ ಇದೇನಮ್ಮಾ’ ಎಂದರು ಮನೆಯ ಹಿರಿಯರು. ‘ಈ ನೀರು ನಮ್ಮ ಮನೆಗೆ ಬರುತ್ತದೆ ಯಜಮಾನರೇ’ ಎಂದೆ. ಅವರು ಮರುಮಾತಿಲ್ಲದೆ ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿದರು. ಗೊತ್ತಿಲ್ಲದೆ ಮಾಡುವವರೇ ಹೆಚ್ಚು, ಹೇಳಿದರೆ ಕೇಳುತ್ತಾರೆ.

‘ಹೇಗೂ ಶುದ್ಧೀಕರಿಸುತ್ತಾರಲ್ಲ’ ಎನ್ನುವವರಿಗೆ ಆ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಜಲಾಶಯದಿಂದ ಎತ್ತಿದ ನೀರಿಗೆ ಮೊದಲು ಆಲಂ, ಅಂದರೆ ಪಟಿಕದ ಜಾತಿಯ ಲವಣ, ಬೆರೆಸುತ್ತಾರೆ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ತಳಕ್ಕೆ ಇಳಿಯುತ್ತವೆ. ಆಮೇಲೆ ಮರಳಿನ ಹಾಸಿನ ಮೂಲಕ ಸೋಸಿ, ಕ್ಲೋರಿನ್ ಹಾಕಿ ರೋಗಾಣುಗಳನ್ನು ಕೊಲ್ಲುತ್ತಾರೆ. ಮಣ್ಣು ಮತ್ತು ರೋಗಾಣುವಿಗೆ ಈ ಕ್ರಮ ಸಾಕು. ಸೋಪಿನ ರಾಸಾಯನಿಕ, ವಾಹನದ ಎಣ್ಣೆ, ಕೀಟನಾಶಕ ಇವನ್ನು ಪೂರ್ತಿ ತೆಗೆಯಲು ಈ ಏರ್ಪಾಡು ಮಾಡಿದ್ದಲ್ಲ. ಸೋಪು, ಎಂಜಲು ಸೇರಿದಷ್ಟೂ ನೀರಿನಲ್ಲಿ ಪಾಚಿ ಬೆಳೆಯುತ್ತದೆ, ಪಾಚಿ ಬೆಳೆದಷ್ಟೂ ವಾಸನೆ ಮತ್ತು ಖರ್ಚು ಎರಡೂ ಏರುತ್ತವೆ.

ಶೌಚಕ್ಕೆ ದಡದ ಪೊದೆ ಖಂಡಿತ ಬೇಡ. ಹಿರಿಯೂರಿನಲ್ಲಿಯೇ ಮುಗಿಸಿಕೊಂಡು ಹೊರಡಿ. ಚಿಕ್ಕ ಮಕ್ಕಳ ಡೈಪರನ್ನು ಕಸದ ಚೀಲದಲ್ಲಿ ಕಟ್ಟಿ ವಾಪಸು ಒಯ್ಯಿರಿ. ಮದ್ಯದ ಬಾಟಲಿ ತರುವವರು ಈ ಕಡೆಗೆ ಬರುವುದೇ ಬೇಡ. ಒಡೆದ ಗಾಜು ನೀರು ಇಳಿದ ಮೇಲೆ ಕೆಸರಿನಲ್ಲಿ ಅಡಗಿ ಕೂರುತ್ತದೆ. ಅಲ್ಲಿ ಬರಿಗಾಲಲ್ಲಿ ನಡೆಯುವವರು ದನ ಕಾಯುವವರು, ಮೀನು ಹಿಡಿಯುವವರು.

8. ಬಾಗಿನ ಅರ್ಪಿಸುವವರಿಗೆ

ತುಂಬಿದ ನೀರಿಗೆ ಬಾಗಿನ ಕೊಡುವುದು ನಮ್ಮ ಪದ್ಧತಿ, ಅದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಅಂಗಡಿಯಿಂದ ತಂದದ್ದನ್ನು ತಂದ ಹಾಗೆಯೇ ಎಸೆಯುವುದರಲ್ಲಿ. ಅರಿಸಿನ ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಗಾಜಿನ ಬಳೆ, ನೈಲಾನ್ ರವಿಕೆಯ ಕಣ, ಬಣ್ಣ ಬಳಿದ ಮೊರ ಇವೆಲ್ಲ ತಳದಲ್ಲಿ ಉಳಿದುಬಿಡುತ್ತವೆ. ಬಿಡಲೇಬೇಕೆಂದರೆ ಒಂದು ಹಿಡಿ ಹೂವು ಸಾಕು. ಬಳೆ, ಬಟ್ಟೆ, ಕಾಯಿ, ಧಾನ್ಯವಿರುವ ಮೊರವನ್ನು ಅಲ್ಲಿರುವ ಒಬ್ಬ ಮುತ್ತೈದೆಗೆ ಕೊಡಿ. ಬಾಗಿನ ಮುತ್ತೈದೆಯರಿಗೆ ಕೊಡುವ ವಸ್ತುವೇ ಅಲ್ಲವೇ? ಕಣಿವೆ ಮಾರಮ್ಮನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿ ನೀರಿಗೆ ದೂರದಿಂದ ಕೈಮುಗಿದರೂ ಸಲ್ಲುತ್ತದೆ. ಮಂಗಳವಾರ, ಶುಕ್ರವಾರ ಗುಡಿಯಲ್ಲಿ ಜನ ಹೆಚ್ಚು; ಪ್ರಶಾಂತವಾಗಿ ನೋಡಬೇಕೆನ್ನುವವರು ಬೇರೆ ದಿನ ಬನ್ನಿ.

9. ವಯಸ್ಸಾದವರು, ಮಕ್ಕಳು ಮತ್ತು ಮರಳುವ ಹೊತ್ತು

ಮಂಡಿನೋವಿನವರನ್ನು ಮೇಲೆ ಹತ್ತಿಸುವ ಹಟ ಬೇಡ. ಕೆಳಗೆ ನೆರಳಿನಲ್ಲಿ ಕೂತು ಕಟ್ಟೆಯನ್ನೂ ಗುಡ್ಡವನ್ನೂ ನೋಡುತ್ತಾ ಅವರು ಗಂಟೆಗಟ್ಟಲೆ ನೆಮ್ಮದಿಯಾಗಿರುತ್ತಾರೆ. ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಹೆಸರು ಹೇಳಿ ಒಬ್ಬರಿಗೆ ವಹಿಸಿ. ‘ಎಲ್ಲರೂ ನೋಡಿಕೊಳ್ಳುತ್ತೇವೆ’ ಎಂದಾಗಲೇ ಮಗು ಕಣ್ತಪ್ಪುವುದು.

ಊಟ ಕಟ್ಟಿಕೊಂಡು ಬಂದವರು ನೀರಿನಿಂದ ದೂರ ಕೂತು ಉಣ್ಣಿರಿ, ಎಂಜಲು ಎಲೆಯನ್ನು ಕೋತಿಗಳಿಗೆ ಬಿಡಬೇಡಿ.

ಸಂಜೆ ಸೂರ್ಯ ನೀರಿನ ಕಡೆಗೇ ಮುಳುಗುತ್ತಾನೆ. ನೋಡಲೇಬೇಕೆಂದಿದ್ದರೆ ಸಿಬ್ಬಂದಿ ಹೇಳಿದ ಹೊತ್ತಿನೊಳಗೆ, ರಸ್ತೆಗೆ ಹತ್ತಿರವಿರುವ ಕಡೆ ನಿಂತು ನೋಡಿ, ಕತ್ತಲಾಗುವ ಮೊದಲೇ ಹೊರಡಿ. ಸುತ್ತ ಕುರುಚಲು ಕಾಡಿದೆ, ರಸ್ತೆಯಲ್ಲಿ ದೀಪ ಕಡಿಮೆ. ಬೆಳಿಗ್ಗೆ ಬೇಗ ಬಂದು ಮಧ್ಯಾಹ್ನಕ್ಕೇ ಮುಗಿಸಿದವರಿಗೆ ಹಿರಿಯೂರಿನ ತೇರುಮಲ್ಲೇಶ್ವರ ದೇವಸ್ಥಾನ ದಾರಿಯಲ್ಲಿಯೇ ಸಿಗುತ್ತದೆ. ಅದೂ ವೇದಾವತಿಯ ದಡದ ಊರು. ಅಲ್ಲಿ ನದಿಯಲ್ಲಿ ನೀರಿದೆಯೇ, ಎಷ್ಟಿದೆ ಎಂದು ಸೇತುವೆಯ ಮೇಲಿನಿಂದ ಒಮ್ಮೆ ಇಣುಕಿ ನೋಡಿ ಹೋಗಿ.